ಸೆನ್ಸರ್ ಹಾಕಿಸುವುದು ಸುಲಭ, ಅಲಾರಂ ಸರಿಹೊಂದಿಸುವುದೇ ಕೆಲಸ

ತಾಪಮಾನ, ಕಂಪನ, ವಿದ್ಯುತ್ ಬಳಕೆ ಅಳೆದು ನೆಟ್ ಮೂಲಕ ತಿಳಿಸುವ ಸೆನ್ಸರ್ ಹಾಕಿಸಿದ ಎಷ್ಟೋ ಕಡೆ ನಾನು ನೋಡಿದ್ದು ಇದನ್ನೇ: ಗೋಡೆ ಮೇಲೆ ದೊಡ್ಡ ಪರದೆ, ಅದರ ತುಂಬ ಗ್ರಾಫ್, ನೋಡುವವರು ಮಾತ್ರ ಯಾರೂ ಇಲ್ಲ. ಅಳತೆ ಕಂಡು ಯಾರಾದರೂ ಎದ್ದು ಹೋಗಿ ಬಾಗಿಲು ಮುಚ್ಚಿದರೆ, ಮೋಟಾರ್ ನಿಲ್ಲಿಸಿದರೆ ಆಗ ತಾನೇ ಹಣ ಉಳಿಯುವುದು?

1. ಒಂದೇ ಒಂದು ನಷ್ಟ ಆರಿಸಿಕೊಳ್ಳಿ. ಹೋದ ವರ್ಷದ ರಿಪೇರಿ ಬಿಲ್ಲು, ವಿದ್ಯುತ್ ಬಿಲ್ಲು, ಕೆಟ್ಟು ಎಸೆದ ಸರಕಿನ ಲೆಕ್ಕ ತೆಗೆದರೆ ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

2. ಅದಕ್ಕೆ ತಕ್ಕ ಸೆನ್ಸರ್ ತನ್ನಿ. ಶೀತಲ ಕೋಣೆಗೆ ತಾಪಮಾನದ್ದು. ಮೋಟಾರಿಗೆ ಕಂಪನದ್ದು, ಅದನ್ನು ಬೇರಿಂಗ್ ಇರುವ ಜಾಗದ ಮೇಲೇ ಕೂರಿಸಬೇಕು. ವಿದ್ಯುತ್ ಬಳಕೆಗೆ ತಂತಿಯ ಸುತ್ತ ಹಾಕುವ ಕ್ಲಾಂಪ್. ಇದನ್ನು ಒಂದೇ ತಂತಿಗೆ ಹಾಕಿಸಿ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಸೇರಿಸಿ ಹಾಕಿದರೆ ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. ಈ ಕೆಲಸ ಎಲೆಕ್ಟ್ರೀಷಿಯನ್ನೇ ಮಾಡಲಿ.

ಖರೀದಿಯ ಬಗ್ಗೆ ಒಂದು ಮಾತು. ಮಾರಿದ ಕಂಪನಿಯ ಸರ್ವರ್ ಇಲ್ಲದೆ ಕೆಲಸವೇ ಮಾಡದ ಸಾಧನ ಬೇಡ. ಕಂಪನಿ ಆ ಸೇವೆ ನಿಲ್ಲಿಸಿದ ದಿನ ನಿಮ್ಮ ಸೆನ್ಸರೂ ಸತ್ತಂತೆ. ಅಳತೆಗಳನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಬಿಡದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

3. ನೆಟ್‌ವರ್ಕ್ ನೋಡಿಕೊಳ್ಳಿ. ಶೀತಲ ಕೋಣೆಯ ಲೋಹದ ಗೋಡೆ ಸಿಗ್ನಲ್ ತಡೆಯುತ್ತದೆ. ಹಾಗಾಗಿ ಪ್ರೋಬ್ (ತಂತಿಯ ತುದಿಯಲ್ಲಿ ತಾಪ ಅಳೆಯುವ ಭಾಗ) ಒಳಗೆ, ಸಿಗ್ನಲ್ ಕಳಿಸುವ ಡಬ್ಬಿ ಹೊರಗೆ. ನೆಟ್ ಹೋದಾಗ ಅಳತೆಯನ್ನು ತನ್ನಲ್ಲೇ ಉಳಿಸಿಕೊಳ್ಳುವ ಸಾಧನವನ್ನೇ ಕೊಳ್ಳಿ.

4. ಈಗ ಅಲಾರಂ. ಎಲ್ಲರೂ ಎಡವುವುದು ಇಲ್ಲೇ. ಲಸಿಕೆ ಇಡುವ ಫ್ರಿಜ್ ತೆಗೆದುಕೊಳ್ಳಿ. ಅಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು. 8 ದಾಟಿದ ಕೂಡಲೇ ಫೋನ್ ಕೂಗುವಂತೆ ಮಾಡಿದರೆ ಬಾಗಿಲು ತೆಗೆದಾಗಲೆಲ್ಲ ಕೂಗುತ್ತದೆ. ಕೆಲವೇ ದಿನಗಳಲ್ಲಿ ಜನ ಅದನ್ನು ಮ್ಯೂಟ್ ಮಾಡುತ್ತಾರೆ. ನಿಜವಾಗಿ ಫ್ರಿಜ್ ಕೆಟ್ಟ ರಾತ್ರಿ ಯಾರಿಗೂ ಕೇಳಿಸುವುದಿಲ್ಲ.

ಮೊದಲು ಸೆನ್ಸರನ್ನೇ ಪರೀಕ್ಷಿಸಿ. ಪುಡಿ ಮಾಡಿದ ಐಸ್‌ಗೆ ಸ್ವಲ್ಪ ನೀರು ಬೆರೆಸಿ ಪ್ರೋಬ್ ಮುಳುಗಿಸಿ. 0 ಡಿಗ್ರಿ ತೋರಿಸಬೇಕು. ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ವಾಪಸ್ ಕೊಡಿ. ಆಮೇಲೆ ಪ್ರೋಬನ್ನು ಗ್ಲೈಕಾಲ್ (ಲಸಿಕೆಯಂತೆ ನಿಧಾನವಾಗಿ ಬಿಸಿಯಾಗುವ ದ್ರವ) ತುಂಬಿದ ಚಿಕ್ಕ ಬಾಟಲಿಯಲ್ಲಿ ಇಟ್ಟು, ಸರಕಿನ ನಡುವೆ ಇಡಿ. ಬಾಗಿಲ ಬಳಿ ಬೇಡ, ಫ್ಯಾನ್ ಎದುರೂ ಬೇಡ. ಬಾಗಿಲು ತೆಗೆದಾಗ ಗಾಳಿ ಬೇಗ ಬಿಸಿಯಾಗುತ್ತದೆ, ಲಸಿಕೆ ಅಷ್ಟು ಬೇಗ ಆಗುವುದಿಲ್ಲ. ನಮಗೆ ಬೇಕಿರುವುದು ಲಸಿಕೆಯ ತಾಪಮಾನ ಅಲ್ವಾ?

ಇನ್ನು ಎರಡು ವಾರ ಅಲಾರಂ ಇಲ್ಲದೆ ಅಳತೆ ಮಾತ್ರ ಬರೆಸಿಕೊಳ್ಳಿ. ಅಷ್ಟು ದಿನ ಈಗಿನಂತೆ ಕೈಯಿಂದ ನೋಡಿ ಬರೆಯುವುದನ್ನು ನಿಲ್ಲಿಸಬೇಡಿ. ಸರಕು ತುಂಬುವಾಗ, ಡೀಫ್ರಾಸ್ಟ್ ಆಗುವಾಗ (ಒಳಗೆ ಕಟ್ಟಿದ ಐಸ್ ಕರಗಿಸುವಾಗ) ತಾಪಮಾನ ಎಷ್ಟು ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕಾಣುತ್ತದೆ. ಅದಕ್ಕಿಂತ ತುಸು ಹೆಚ್ಚು ಹೊತ್ತು 8ರ ಮೇಲೆ ನಿಂತರೆ ಮಾತ್ರ ಕೂಗಲಿ. ಕೆಳಗಿನ ಮಿತಿಗೆ ಈ ಸಡಿಲ ಬೇಡ. ಹೆಪ್ಪುಗಟ್ಟಿದರೆ ಹಾಳಾಗುವ ಲಸಿಕೆಗಳಿವೆ.

ಸೆನ್ಸರ್‌ನಿಂದ ಅಳತೆ ಬರುವುದೇ ನಿಂತರೆ ಅದಕ್ಕೂ ಅಲಾರಂ ಇರಲೇಬೇಕು. ಕರೆಂಟ್ ಹೋಗಿ ಫ್ರಿಜ್, ರೌಟರ್ ಒಟ್ಟಿಗೆ ನಿಂತಾಗ ನಿಮಗೆ ಸಿಗುವ ಸುಳಿವು ಅದೊಂದೇ. ಸಂದೇಶ ಹತ್ತು ಜನರ ಗುಂಪಿಗೆ ಹೋಗಬಾರದು, ಒಬ್ಬರಿಗೆ ಹೋಗಬೇಕು. ಅವರು 15 ನಿಮಿಷದಲ್ಲಿ ಉತ್ತರಿಸದಿದ್ದರೆ ಎರಡನೆಯವರಿಗೆ. ಒಂದು ರಾತ್ರಿ ಹೇಳದೆ ಪ್ರೋಬನ್ನು ಹೊರಗೆ ತೆಗೆದಿಟ್ಟು, ಯಾರು ಎದ್ದು ಬರುತ್ತಾರೆ ನೋಡಿ.

5. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದು ಹಾಗೆ ಬಿಟ್ಟ ಪಾಸ್‌ವರ್ಡ್‌ಗಳಿಂದಲೇ. ಕ್ಯಾಮೆರಾ, ರೌಟರ್‌ಗಳನ್ನು ವಶಪಡಿಸಿಕೊಂಡು ಅವುಗಳಿಂದಲೇ ದಾಳಿ ನಡೆಸಿತು. ಸೆನ್ಸರ್‌ಗಳಿಗೆ ಬೇರೆ ವೈಫೈ ಕೊಡಿ. ಬಿಲ್ಲಿಂಗ್ ಕಂಪ್ಯೂಟರ್ ಇರುವ ನೆಟ್‌ವರ್ಕ್‌ಗೆ ಸೇರಿಸಬೇಡಿ.

6. ಮೂರು ತಿಂಗಳಾದ ಮೇಲೆ ಎಸೆದ ಸರಕಿನ ಲೆಕ್ಕವನ್ನು ಹಿಂದಿನದರ ಜೊತೆ ಇಟ್ಟು ನೋಡಿ. ಇಳಿದಿದ್ದರೆ ಎರಡನೇ ನಷ್ಟಕ್ಕೆ ಕೈಹಾಕಿ. ಇಳಿಯದಿದ್ದರೆ ಹೊಸ ಸೆನ್ಸರ್ ಕೊಳ್ಳಬೇಡಿ, ಬಂದ ಅಲಾರಂಗಳಲ್ಲಿ ಎಷ್ಟಕ್ಕೆ ಯಾರು ಹೋಗಿ ನೋಡಿದರು ಎಂದು ಪಟ್ಟಿ ತೆಗೆಯಿರಿ.