ಹಿಂದೆಯೂ ಮುಂದೆಯೂ ಡ್ರೈವರ್ ಇರುವ ಗಾಡಿ

ನಾನು ರೈಲ್ವೆಯ ಹಳಿ ವಿಭಾಗದಲ್ಲಿದ್ದು ರಿಟೈರ್ ಆದವನು. ಅರಸೀಕೆರೆ ಕಡೆ ಪುಶ್ ಟ್ರಾಲಿ ಮೇಲೆ ಕೂತು, ಎರಡು ಹಳಿಗಳ ತುದಿ ಜೋಡಿಸುವ ಫಿಶ್‌ಪ್ಲೇಟ್ ಬೋಲ್ಟ್ ಸಡಿಲ ಆಗಿದೆಯಾ, ಜಲ್ಲಿ ಜಾರಿದೆಯಾ ಅಂತ ನೋಡುತ್ತಾ ಹೋಗುವುದು ಕೆಲಸ. ನಾಲ್ಕು ಜನ ಟ್ರಾಲಿಮನ್‌ಗಳು ತಳ್ಳುತ್ತಿದ್ದರು. ರೈಲು ಬರುವ ಸುಳಿವು ಸಿಕ್ಕರೆ ಅದೇ ನಾಲ್ವರು ಟ್ರಾಲಿ ಎತ್ತಿ ಪಕ್ಕಕ್ಕೆ ಇಡುತ್ತಿದ್ದರು. ಅಷ್ಟೇ ನಮ್ಮ ರಕ್ಷಣಾ ವ್ಯವಸ್ಥೆ.

ಈಗ ಮನೆಯಲ್ಲಿ ಮಾಡೆಲ್ ಕಟ್ಟುತ್ತೇನೆ. ಹೋದ ಮಳೆಗಾಲ ಪೂರ್ತಿ ತಿಂದಿದ್ದು ಒಂದೇ ಗಾಡಿ. ಎರಡನೇ ಮಹಾಯುದ್ಧದ ಇಟಲಿಯ ಕವಚದ ಕಾರು ಆಟೋಬ್ಲಿಂಡಾ ಎಬಿ 41, ಅದರಲ್ಲೂ ‘ಫೆರೊವಿಯಾರಿಯಾ’, ಅಂದರೆ ರೈಲಿನ ಮಾದರಿ. 1941ರ ಏಪ್ರಿಲ್‌ನಲ್ಲಿ ಜರ್ಮನಿ, ಇಟಲಿ ಸೇರಿ ಯುಗೊಸ್ಲಾವಿಯಾಕ್ಕೆ ನುಗ್ಗಿದವು. ಅಲ್ಲಿನ ಪಾರ್ಟಿಸಾನ್ ಹೋರಾಟಗಾರರು ರಾತ್ರಿ ಹೊತ್ತು ಹಳಿ ಕೀಳತೊಡಗಿದರು. ಹಳಿ ಕಾಯಲು ಇಟಲಿಯವರು ರಸ್ತೆಯ ಕವಚದ ಕಾರಿಗೇ ಕಬ್ಬಿಣದ ಚಕ್ರ ಹಾಕಿ ಇಳಿಸಿದರು. ಜೀವಮಾನವೆಲ್ಲ ಹಳಿ ಕಾದ ನನ್ನ ಮನಸ್ಸು ಹಳಿ ಕಿತ್ತವರ ಕಡೆ ವಾಲಿದ್ದು ಇದೊಂದೇ ಸಲ.

ಅಳತೆ 35ಕ್ಕೆ 1. ಶುರುವಿನಲ್ಲೇ ಎಡವಿದೆ. ಐಸ್‌ಕ್ರೀಮ್ ಕಡ್ಡಿ ಕತ್ತರಿಸಿ ಸ್ಲೀಪರ್ ಮಾಡಿ, ಎರಡು ಹಳಿ ಅಂಟಿಸಿ, ಮೇಲೆ ಗಾಡಿ ಇಟ್ಟು ನೋಡಿದರೆ ಚಕ್ರಗಳು ಹಳಿಯ ಆಚೆ! ನಾನು ಸುಮ್ನೆ ಅಭ್ಯಾಸಬಲದಿಂದ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಗಲದ ಲೆಕ್ಕ ಹಾಕಿದ್ದೆ. ಸಾವಿರ ಮಿ.ಮೀ.ಯನ್ನು 35ರಿಂದ ಭಾಗಿಸಿದರೆ ಇಪ್ಪತ್ತೆಂಟೂವರೆ. ಯುರೋಪಿನ ಮುಖ್ಯ ಮಾರ್ಗಗಳದ್ದು 1435 ಮಿ.ಮೀ., ಅಂದರೆ ಮಾಡೆಲ್‌ನಲ್ಲಿ 41. ಎಲ್ಲ ಕಿತ್ತು ಮತ್ತೆ ಹಾಕಿದೆ. ಹೆಂಡತಿ ನೋಡಿ, “ಗೇಜ್ ಕನ್ವರ್ಷನ್ ಮನೇಲೂ ಶುರುವಾಯ್ತಾ?” ಅಂದಳು.

ಗೇಜ್ ಸರಿಹೋದ ಮೇಲೆ ಒಂದು ವಿಷಯ ಹೊಳೆಯಿತು. ರಸ್ತೆ ಗಾಡಿಯಾಗಿದ್ದಾಗಲೂ ಇದರ ಚಕ್ರಗಳ ನಡುವಿನ ಅಗಲ ಹಳಿಯ ಅಗಲಕ್ಕೆ ಹತ್ತಿರವೇ ಇತ್ತು. ಆಕ್ಸಲ್ ಮುಟ್ಟದೆ ಚಕ್ರ ಮಾತ್ರ ಬದಲಿಸಿದರೆ ಕೆಲಸ ಆಗುತ್ತದೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಒಳಗಿನ ಸೀಟುಗಳು. ಈ ಗಾಡಿಯಲ್ಲಿ ನಾಲ್ಕು ಜನ. ಒಬ್ಬ ಡ್ರೈವರ್ ಮುಂದೆ, ಇನ್ನೊಬ್ಬ ಹಿಂದೆ, ಹಿಂದಕ್ಕೇ ಮುಖ ಮಾಡಿ. ಗೋಪುರದಲ್ಲಿ 20 ಮಿ.ಮೀ. ಬ್ರೆಡಾ ಫಿರಂಗಿ ಹಿಡಿದ ಕಮಾಂಡರ್, ಹಿಂಬದಿಯ ಮೆಷಿನ್‌ಗನ್‌ಗೆ ಒಬ್ಬ. ಇಕ್ಕಟ್ಟು ರಸ್ತೆಯಲ್ಲಿ ಗುಂಡು ಬಿದ್ದರೆ ತಿರುಗಿಸದೆ ಓಡಿಹೋಗಲಿ ಅಂತ ಮಾಡಿದ್ದು ಅದು. ಹಳಿ ಮೇಲಂತೂ ತಿರುಗಿಸುವ ಮಾತೇ ಇಲ್ಲ ಅಲ್ವಾ? ಮುಂದೆ ಹಳಿ ಕಿತ್ತಿದ್ದರೆ ಉಳಿದ ದಾರಿ ಒಂದೇ, ಬಂದ ದಾರಿ. ಜರ್ಮನರು ಹಳಿಗೆ ಹತ್ತಿಸಿದ ಫ್ರಾನ್ಸಿನ ಕವಚದ ಕಾರು ಪಾನಾರ್ 178ಕ್ಕೂ ಹಿಂದೊಬ್ಬ ಡ್ರೈವರ್ ಇದ್ದ. ಕವಚ ದಪ್ಪ ಇದ್ದುದಕ್ಕೆ ಇವನ್ನು ಆರಿಸಿರಲಾರರು. ಎಬಿ 41ರ ಪಕ್ಕದ ತಗಡು ಒಂದು ಸೆಂಟಿಮೀಟರ್ ಕೂಡ ಇರಲಿಲ್ಲ.

ಕಿಟ್‌ನಲ್ಲಿ ಬಂದ ಚಕ್ರ ನನಗೆ ಹಿಡಿಸಲಿಲ್ಲ. ಪರಿಚಯದ ಲೇತ್ ಅಂಗಡಿಯಲ್ಲಿ ಹಿತ್ತಾಳೆಯದು ಮಾಡಿಸಿದೆ. ಮೊದಲ ಸಲ ಫ್ಲ್ಯಾಂಜ್, ಅಂದರೆ ಚಕ್ರ ಹಳಿಯಿಂದ ಜಾರದಂತೆ ತಡೆಯುವ ಅಂಚು, 2 ಮಿ.ಮೀ. ಬಂತು, ಥೇಟ್ ಜಾತ್ರೆಯ ಆಟಿಕೆ. ಲೆಕ್ಕದ ಪ್ರಕಾರ 1 ಮಿ.ಮೀ. ಕೂಡ ಇರಬಾರದು. ಚಕ್ರದ ಮುಖ ಸ್ವಲ್ಪ ಇಳಿಜಾರಾಗಿರಲಿ, ನಮ್ಮಲ್ಲಿ 20ಕ್ಕೆ 1 ಇರುತ್ತೆ ಅಂದೆ. “ಇಷ್ಟು ಚಿಕ್ಕದರಲ್ಲಿ ಯಾರ್ ನೋಡ್ತಾರೆ ಸಾರ್?” ಅಂದ ಹುಡುಗ. ನಾನು ನೋಡ್ತೀನಲ್ಲ!

ಮರಳು ಪೆಟ್ಟಿಗೆಗೆ ಎರಡು ದಿನ ಹಿಡಿಯಿತು. ಏಳೂವರೆ ಟನ್ ಹತ್ತಿರದ ಗಾಡಿ ರಬ್ಬರ್ ಬಿಟ್ಟು ಕಬ್ಬಿಣದ ಮೇಲೆ ನಿಂತರೆ ಹಿಡಿತ ಹೋಯಿತು ಅಂತಲೇ ಅರ್ಥ. ಬೆಳಗಿನ ಇಬ್ಬನಿ ಬಿದ್ದ ಹಳಿ ಎಣ್ಣೆ ಹಚ್ಚಿದ ಹಾಗೆ ಇರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 50ಕ್ಕೆ 1 ಏರಿನಲ್ಲಿ ಇಂಜಿನ್ನುಗಳು ಮರಳು ಬಿಡುವುದು ಅದಕ್ಕೇ. ವಿದ್ಯುತ್ ವೈರಿನ ತಾಮ್ರದ ಎಳೆಯಿಂದ ಕೊಳವೆ ಮಾಡಿದೆ. ಅದರ ಬಾಯಿ ಚಕ್ರದ ಕಡೆ ನೋಡಿದರೆ ಸಾಲದು, ಚಕ್ರ ಹಳಿ ಮುಟ್ಟುವ ಜಾಗಕ್ಕೇ ಗುರಿ ಇರಬೇಕು. ಒಂದು ಕೊಳವೆ ಮೂರು ಸಲ ಬಾಗಿಸಿದೆ. ಹಳಿ ಮೇಲೆ ಬಿದ್ದ ಕಲ್ಲು ಕಟ್ಟಿಗೆ ತಳ್ಳುವ ಪಟ್ಟಿಗಳು ಬೇಗ ಆದವು. ಸ್ಟಿಯರಿಂಗ್‌ಗೆ ಇನ್ನು ಕೆಲಸವಿಲ್ಲ, ಹಳಿಯೇ ತಿರುಗಿಸುತ್ತದೆ. ಹಾಗಾಗಿ ನೇರಕ್ಕೆ ಅಂಟಿಸಿಬಿಟ್ಟೆ.

ಬೋಲ್ಟ್ ತಲೆಗಳ ಕಥೆ ಬೇಡ. ತಗಡುಗಳನ್ನು ಚೌಕಟ್ಟಿಗೆ ಬೋಲ್ಟ್ ಹಾಕಿ ಕಟ್ಟಿದ ಗಾಡಿ ಇದು. ಉಜ್ಜುವಾಗ ಹಾರಿಹೋದ ತಲೆಗಳಿಗೆ ಸೂಜಿ ತುದಿಯಲ್ಲಿ ಫೆವಿಕಾಲ್ ಚುಕ್ಕೆ ಇಟ್ಟೆ, ಅಷ್ಟೇ.

ಬಣ್ಣದಲ್ಲಿ ಜಾಸ್ತಿ ಜನ ಮಾಡುವ ತಪ್ಪೊಂದಿದೆ. ಹಳಿಗೆ ಪೂರ್ತಿ ತುಕ್ಕು ಬಳಿಯುತ್ತಾರೆ. ದಿನಾ ಗಾಡಿ ಓಡುವ ಹಳಿಯ ಪಕ್ಕ ಮಾತ್ರ ಕಂದು, ತಲೆ ಬೆಳ್ಳಿಯ ಹಾಗೆ ಹೊಳೆಯಬೇಕು. ನಾನು ಪೆನ್ಸಿಲ್ ಸೀಸದ ಪುಡಿ ಬೆರಳಲ್ಲಿ ತಿಕ್ಕಿದೆ. ಒಂದು ಕಡೆ ಮಾತ್ರ ಫಿಶ್‌ಪ್ಲೇಟ್ ಬಿಚ್ಚಿ, ಬೋಲ್ಟ್‌ಗಳನ್ನು ಜಲ್ಲಿ ಮೇಲೆ ಚೆಲ್ಲಿದ್ದೇನೆ. ಗಾಡಿ ಅದರಿಂದ ಒಂದು ಗೇಣು ದೂರ ನಿಂತಿದೆ.

ಹಳೆಯ ಟ್ರಾಲಿಮನ್ ಒಬ್ಬ ಮಗಳ ಮದುವೆ ಕರೆಯಲು ಬಂದಿದ್ದ. ಕಾಫಿ ಲೋಟ ಹಿಡಿದೇ ಮಾಡೆಲ್ ಸುತ್ತ ಒಂದು ಸುತ್ತು ಹಾಕಿದ. ಫಿರಂಗಿ ಕಡೆ ಕಣ್ಣೂ ಹಾಯಿಸಲಿಲ್ಲ.

“ಸಾರ್, ಎದುರಿಂದ ರೈಲು ಬಂದ್ರೆ ಇದನ್ನ ಎತ್ತಿ ಇಡೋರು ಯಾರು?”

“ಎತ್ತಕ್ಕಾಗಲ್ಲ ಕಣಯ್ಯ. ಹಿಂದೆ ಒಬ್ಬ ಡ್ರೈವರ್ ಇದಾನೆ ನೋಡು.”

ಬಗ್ಗಿ ನೋಡಿದ. “ಅವನ ಹಿಂದೇನೂ ಫಿಶ್‌ಪ್ಲೇಟ್ ಬಿಚ್ಚಿದ್ರೆ?” ಅಂದ.