ನೈತಿಕತೆ, ವೃತ್ತಿನೀತಿ: ಎರಡನ್ನೂ ಬಿಡಿಸಿ ನೋಡುವ ಬಗೆ

ಇಕ್ಕಟ್ಟಿನಲ್ಲಿ ಸಿಲುಕಿದಾಗ, ನಿಮ್ಮನ್ನು ತಡೆಯುತ್ತಿರುವ ದನಿ ಯಾರದು ಎಂದು ಮೊದಲು ಕೇಳಿಕೊಳ್ಳಿ. ಮನೆಯ ಸಂಸ್ಕಾರ ಮತ್ತು ಆತ್ಮಸಾಕ್ಷಿಯ ದನಿ ನೈತಿಕತೆ. ಒಂದು ವೃತ್ತಿಯವರೆಲ್ಲ ಕಾರಣಸಹಿತ ಒಪ್ಪಿಕೊಂಡು ಬರೆದಿಟ್ಟ ಕಟ್ಟುಪಾಡು ವೃತ್ತಿನೀತಿ. (ಮೂಲದಲ್ಲಿ ಈ ಭೇದವಿರಲಿಲ್ಲ, ಇಂಗ್ಲಿಷಿನ ‘ಎಥಿಕ್ಸ್’ಗೆ ಮೂಲವಾದ ಗ್ರೀಕರ ‘ಎಥಿಕೋಸ್’ ಪದಕ್ಕೆ ಲ್ಯಾಟಿನ್ನಿನಲ್ಲಿ, ‘ಮೊರಾಲಿಟಿ’ಗೆ ಮೂಲವಾದ ‘ಮೊರಾಲಿಸ್’ ಎಂದು ಟಂಕಿಸಿದವನು ಪ್ರಾಚೀನ ರೋಮಿನ ಚಿಂತಕ ಸಿಸೆರೊ.)

ಯುವ ವಕೀಲರೊಬ್ಬರ ಮೇಜಿನ ಮೇಲೆ ಕೊಲೆ ಪ್ರಕರಣದ ಆರೋಪಪಟ್ಟಿ ಇದೆ, ಎದುರಿಗೆ ಆರೋಪಿಯ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಾರೆ ಎಂದುಕೊಳ್ಳಿ. ಪುಟ ತಿರುವಿದಂತೆಲ್ಲ ಆತನೇ ತಪ್ಪಿತಸ್ಥನೆಂದು ವಕೀಲರ ಮನಸ್ಸು ಹೇಳುತ್ತದೆ. ಆದರೆ ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ, ಸ್ವಂತ ಅಭಿಪ್ರಾಯ ಏನೇ ಇದ್ದರೂ ವಕೀಲರು ಆರೋಪಿಯ ಪರ ವಾದಿಸಬೇಕು. ಆರೋಪಿಗಳ ಪರ ಯಾರೂ ವಕಾಲತ್ತು ವಹಿಸಬಾರದೆಂಬ ವಕೀಲರ ಸಂಘಗಳ ನಿರ್ಣಯಗಳು ಅಸಿಂಧುವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ.

ಎರಡನೆಯದಾಗಿ, ನಿಯಮದ ಬೇರನ್ನು ಹುಡುಕಿ. ಸಾಕಷ್ಟು ಸಾಕ್ಷ್ಯವಿಲ್ಲದೆ ಯಾರಿಗೂ ಶಿಕ್ಷೆಯಾಗಬಾರದು ಎಂಬುದೇ ಇಲ್ಲಿನ ಕಾರಣ, ಮತ್ತು ಅದು ಆಳವಾದ ನೈತಿಕ ಕಳಕಳಿಯೇ ಆಗಿದೆ. ವಿರೋಧವೆಂದು ತೋರಿದ್ದು ಬಹಳ ಸಲ ಹೀಗೆ ಎರಡು ನೈತಿಕ ಮೌಲ್ಯಗಳ ನಡುವಿನ ತಿಕ್ಕಾಟವಾಗಿರುತ್ತದೆಂದು ನಾನು ನಂಬಿದ್ದೇನೆ.

ಕೊನೆಗೆ ಮಿತಿಯನ್ನು ಗುರುತಿಸಿ: ವಾದಿಸುವುದು ಕರ್ತವ್ಯ, ಸುಳ್ಳು ಸಾಕ್ಷಿ ಹೇಳಿಸುವುದು ಅಪರಾಧ. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ, ವಿಶೇಷ ಸಂದರ್ಭಗಳಲ್ಲಿ ಪ್ರಕರಣವನ್ನು ನಿರಾಕರಿಸಲು ಅದೇ ನಿಯಮಾವಳಿ ಅವಕಾಶ ಕೊಡುತ್ತದೆ. ಒಪ್ಪಿಕೊಂಡ ಮೇಲೆ ಹಿಂದೆ ಸರಿಯಬೇಕಾದರೆ ಮಾತ್ರ ತಕ್ಕ ಕಾರಣವಿರಬೇಕು, ಕಕ್ಷಿದಾರರಿಗೆ ಮುಂಚಿತವಾಗಿ ತಿಳಿಸಿರಬೇಕು, ಮಾಡದ ಕೆಲಸದ ಶುಲ್ಕವನ್ನು ಮರಳಿಸಬೇಕು.