ಕಾಯದ ಗೀಸರ್, ಕಾದ ಜಾಯಿಂಟ್

ಹುಬ್ಬಳ್ಳಿ-ಧಾರವಾಡದಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಮಳೆಗಾಲದಲ್ಲಿ ನನಗೆ ಜಾಸ್ತಿ ಬರುವ ದೂರು ಇದು: "ಕರೆಂಟ್ ಬರೋಬ್ಬರಿ ಐತ್ರಿ, ಆದ್ರ ಗೀಸರ್‌ದಾಗ ನೀರು ಕಾಯವಲ್ದು." ಧಾರವಾಡದ ಮಾಳಮಡ್ಡಿಯ ಒಂದು ಹಳೆ ಮನೆಯಲ್ಲೂ ಇದೇ ಮಾತು. ಸಾಕೆಟ್‌ಗೆ ಮೀಟರ್ ಹಿಡಿದರೆ 230 ವೋಲ್ಟ್ ಬರುತ್ತಿತ್ತು. ಹಾಗಾಗಿ ಹೀಟರ್ ಕಾಯಿಲ್ಲೇ ಹೋಗಿದೆ, ಬದಲಿಸಿಬಿಡೋಣ ಅಂತ ಮನೆಯವರು ಹೊರಟಿದ್ದರು.

ಖಾಲಿ ಸಾಕೆಟ್‌ನ 230 ನಂಬಬೇಡಿ. ಕರೆಂಟ್ ಹರಿಯದೆ ಇದ್ದಾಗ ಎಂಥ ಕೆಟ್ಟ ವೈರ್ ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಲೋಡ್ ಹಾಕಿಯೇ, ಅಂದರೆ ಕರೆಂಟ್ ಎಳೆಯುವ ಸಾಮಾನು ಆನ್ ಮಾಡಿಯೇ ಅಳೆಯಬೇಕು.

ಗೀಸರ್ ಆನ್ ಮಾಡಿಸಿದೆ. ವೈರ್ ಕತ್ತರಿಸದೆ, ಸುತ್ತ ಹಿಡಿದೇ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್‌ನ ಬಾಯಿಗೆ ಫೇಸ್ ವೈರ್ ಒಂದನ್ನೇ ಹಾಕಿದೆ. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಾಕಿದರೆ ಸೊನ್ನೆ ಬರುತ್ತದೆ. 7.8 ಆಂಪಿಯರ್ ಸಿಕ್ಕಿತು. ಮೀಟರ್ ಬೋರ್ಡ್‌ನಲ್ಲಿ 226 ವೋಲ್ಟ್, ಗೀಸರ್ ಟರ್ಮಿನಲ್‌ನಲ್ಲಿ 206. ಎರಡನ್ನೂ ಬೆನ್ನುಬೆನ್ನಿಗೆ ಅಳೆಯಬೇಕು, ಯಾಕಂದ್ರೆ ಸಪ್ಲೈ ವೋಲ್ಟೇಜ್ ಏರಿಳಿಯುತ್ತಲೇ ಇರುತ್ತದೆ. ಇದು ಜೀವಂತ ಲೈನ್ ಮೇಲಿನ ಕೆಲಸ, ಕಲಿತವರೇ ಮಾಡಬೇಕು.

ಮೊದಲು ಕಾಯಿಲ್ ಲೆಕ್ಕ. ವೋಲ್ಟೇಜನ್ನು ಕರೆಂಟ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್: 206 ÷ 7.8 = 26.4 ಓಮ್. ಗೀಸರ್ ಮೇಲೆ 2000 ವ್ಯಾಟ್, 230 ವೋಲ್ಟ್ ಅಂತ ಬರೆದಿತ್ತು. ಅದರ ಪ್ರಕಾರ 230 × 230 ÷ 2000, ಅಂದರೆ 26.45 ಓಮ್ ಇರಬೇಕು. ಕಾಯಿಲ್ ಗಟ್ಟಿಯಾಗಿಯೇ ಇದೆ! ಆದರೆ ಅದಕ್ಕೆ ಸಿಗುತ್ತಿದ್ದ ಪವರ್ 206 × 7.8, ಸುಮಾರು 1600 ವ್ಯಾಟ್ ಅಷ್ಟೇ. ಐದರಲ್ಲಿ ಒಂದು ಪಾಲು ಹೋಯಿತಲ್ವಾ?

ಇನ್ನು ದಾರಿಯಲ್ಲಿ ಕಳೆದುಹೋದ 20 ವೋಲ್ಟ್. 20 ÷ 7.8 = 2.56 ಓಮ್. ಬೋರ್ಡ್‌ನಿಂದ ಹಿತ್ತಲಿನ ಬಚ್ಚಲಿಗೆ 35 ಮೀಟರ್, ಹೋಗಿ ಬರಲು 70. 1.5 ಚದರ ಮಿ.ಮೀ. ತಾಮ್ರದ ವೈರ್‌ಗೆ ಕಿಲೋಮೀಟರ್‌ಗೆ ಸುಮಾರು 12.1 ಓಮ್, ಅಂದರೆ ಇಲ್ಲಿ 0.85 ಬರಬೇಕಿತ್ತು. ಮಿಕ್ಕ 1.7 ಓಮ್ ಎಲ್ಲೋ ಒಂದು ಕಡೆ ಕೂತಿದೆ. ಅಲ್ಲಿ ಸುಡುತ್ತಿರುವ ಪವರ್ 7.8 × 7.8 × 1.7, ನೂರು ವ್ಯಾಟ್ ದಾಟುತ್ತದೆ. ಗೋಡೆಯೊಳಗಿನ ಪುಟ್ಟ ಡಬ್ಬಿಯಲ್ಲಿ ನೂರು ವ್ಯಾಟ್‌ನ ಬಲ್ಬ್ ಉರಿಸಿಟ್ಟ ಹಾಗೆ. ನೀರು ತಣ್ಣಗಿದ್ದದ್ದಕ್ಕಿಂತ ನನಗೆ ಇದೇ ದೊಡ್ಡ ಚಿಂತೆಯಾಯಿತು.

ಮೇನ್ ಆಫ್ ಮಾಡಿ ಪ್ಯಾಸೇಜ್‌ನ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ಗೋಡೆ ಒಸರಿ ಒಳಗೆ ತೇವ ಇಳಿದಿತ್ತು. ಸುಮ್ನೆ ತಿರುಚಿ ಟೇಪ್ ಸುತ್ತಿದ್ದ ಜಾಯಿಂಟ್. ಟೇಪ್ ಕರಗಿ ಅಂಟಾಗಿತ್ತು, ತಾಮ್ರ ಕಪ್ಪಗಾಗಿ ಮುಟ್ಟಿದರೆ ಉದುರುತ್ತಿತ್ತು. ಸುಟ್ಟ ತುದಿ ಕತ್ತರಿಸಿ, ಹೊಸ ತಾಮ್ರ ಕಾಣುವಂತೆ ಕೆರೆದು, ಸ್ಕ್ರೂ ಕನೆಕ್ಟರ್ ಹಾಕಿ ಬಿಗಿ ಮಾಡಿದೆ. ಮತ್ತೆ ಅಳೆದಾಗ ಬೋರ್ಡ್‌ನಲ್ಲಿ 226, ಗೀಸರ್‌ನಲ್ಲಿ 219, ಕರೆಂಟ್ 8.3. ಲೈನ್ ರೆಸಿಸ್ಟೆನ್ಸ್ 0.84 ಓಮ್‌ಗೆ ಇಳಿದಿತ್ತು, ಗೀಸರ್‌ಗೆ 1800 ವ್ಯಾಟ್ ಮೇಲೆಯೇ ಸಿಗುತ್ತಿತ್ತು. ಆದರೂ ಇಷ್ಟು ದೂರದ ಗೀಸರ್‌ಗೆ 1.5ರ ವೈರ್ ನನಗೆ ಒಪ್ಪಿಗೆಯಿಲ್ಲ. ಕನಿಷ್ಠ 2.5 ಎಳೆಸಿ ಅಂತ ಹೇಳಿ ಬಂದೆ.

ಈ ಲೆಕ್ಕ ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಕಾಯುವ ಸಾಮಾನಿಗೆ ನೇರವಾಗಿ ಕೂಡುತ್ತದೆ. ಬೋರ್‌ವೆಲ್ ಮೋಟರ್‌ಗೆ ಹೀಗೇ ಮಾಡಬೇಡಿ. ಅಲ್ಲಿ ಪವರ್ ಫ್ಯಾಕ್ಟರ್‌ನಿಂದಲೂ (ವೋಲ್ಟ್ × ಆಂಪಿಯರ್‌ನಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) ಗುಣಿಸಿದರೆ ಮಾತ್ರ ನಿಜವಾದ ವ್ಯಾಟ್ ಸಿಗುತ್ತದೆ.